ಹೆಣ ಯಾರ ಲೆಕ್ಕಕ್ಕೆ?

ದಲಿತ ವಿಮರ್ಶೆಯ ಸಂಚಿಕೆಗೆ ಅಮೆರಿಕದ ಪೊಲೀಸ್ ಧಾರಾವಾಹಿಯೊಂದರ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರೊಬ್ಬರು, 'ನಮ್ಮ ಕೇರಿಯ ಕೊಲೆಗಳು ಸಾಲದೆ ಹೋದವೇನ್ರಿ?' ಎಂದರು. ಸಾಲದೆ ಹೋಗಿಲ್ಲ. ಆದರೆ ಕೊಲೆಯಾದವನ ಹೆಣ ಠಾಣೆಯ ಕಾಗದಕ್ಕೆ ಬಂದ ಮೇಲೆ ಏನಾಗುತ್ತದೆ, ಆ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಕಡೆಗೆ ಯಾರ ಲೆಕ್ಕಕ್ಕೆ ಜಮಾ ಆಗುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಕೃತಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕಪ್ಪು ಜನರ ಕಡೆ ತಿರುಗಿ ನೋಡುವುದು ನಮಗೇನು ಹೊಸ ಚಟವೂ ಅಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬೈಯ ದಲಿತ ಯುವಕರು 'ಪ್ಯಾಂಥರ್' ಎಂಬ ಹೆಸರನ್ನು ತಂದದ್ದೂ ಅಲ್ಲಿಂದಲೇ.

ಧಾರಾವಾಹಿಯ ಹೆಸರು 'ದ ವೈರ್'. 2002ರಿಂದ 2008ರವರೆಗೆ ಎಚ್‌ಬಿಒ ವಾಹಿನಿಯಲ್ಲಿ ಐದು ಸೀಸನ್ನುಗಳಾಗಿ, ಒಟ್ಟು 60 ಕಂತುಗಳಲ್ಲಿ ಬಂತು. ಊರು ಬಾಲ್ಟಿಮೋರ್. ಇದನ್ನು ಕಟ್ಟಿದ ಡೇವಿಡ್ ಸೈಮನ್ 'ಬಾಲ್ಟಿಮೋರ್ ಸನ್' ಪತ್ರಿಕೆಯಲ್ಲಿ ಪೊಲೀಸ್ ಸುದ್ದಿ ಬರೆಯುತ್ತಿದ್ದವರು. ಜೊತೆಗಾರ ಎಡ್ ಬರ್ನ್ಸ್ ಅದೇ ಊರಿನ ಕೊಲೆ ತನಿಖಾ ದಳದಲ್ಲಿ ಪತ್ತೇದಾರರಾಗಿದ್ದು ಆಮೇಲೆ ಶಾಲೆಯ ಮಾಸ್ತರಾದವರು. ಇಬ್ಬರೂ ಬಿಳಿಯರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಮಾತಿಗೆ ಆಮೇಲೆ ಬರುತ್ತೇನೆ. ಇಲ್ಲಿ ನಾನು ಎತ್ತಿಕೊಳ್ಳುವುದು 2006ರಲ್ಲಿ ಬಂದ ನಾಲ್ಕನೆಯ ಸೀಸನ್ನನ್ನು, ಅದರಲ್ಲೂ ಮುಖ್ಯವಾಗಿ ಒಂದು ಕೊಲೆಯ ಎಳೆಯನ್ನು.

ಫ್ರೂಟ್ ಎಂಬುವನು ರಸ್ತೆಯ ಮೂಲೆಯಲ್ಲಿ ನಿಂತು ಡ್ರಗ್ಸ್ ಮಾರಿಸುವ ಸಣ್ಣ ಮೇಸ್ತ್ರಿ. ಅವನಂಥದೇ ಇನ್ನೊಬ್ಬ ಹುಡುಗ ಲೆಕ್ಸ್, ಹುಡುಗಿಯ ವಿಷಯಕ್ಕೆ ಅವನಿಗೆ ಗುಂಡು ಹೊಡೆಯುತ್ತಾನೆ. ಫ್ರೂಟ್‌ನ ಧಣಿ ಮಾರ್ಲೊ. ಆ ಧಣಿಯ ಕಡೆಯ ಕ್ರಿಸ್ ಮತ್ತು ಸ್ನೂಪ್ ಎಂಬಿಬ್ಬರು ಲೆಕ್ಸ್‌ನನ್ನು ಕೊಂದು, ಹೆಣವನ್ನು ಪಾಳುಬಿದ್ದ ಮನೆಯೊಂದರೊಳಗೆ ಹಾಕಿ, ಬಾಗಿಲ ಹಲಗೆಗೆ ಮೊಳೆ ಹೊಡೆದು ಹೋಗುತ್ತಾರೆ. ಲೆಕ್ಸ್‌ನನ್ನು ಆ ಜಾಗಕ್ಕೆ ಕರೆಸಲು ಬಳಕೆಯಾದವನು ರ್‍ಯಾಂಡಿ ಎಂಬ ಶಾಲಾ ಹುಡುಗ. ತಾನು ಮುಟ್ಟಿಸುತ್ತಿರುವುದು ಸಾವಿನ ಕರೆ ಎಂದು ಅವನಿಗೆ ಗೊತ್ತಿರುವುದಿಲ್ಲ. ಬಂಕ್ ಮೋರ್‌ಲ್ಯಾಂಡ್ ಎಂಬ ಪತ್ತೇದಾರ ಫ್ರೂಟ್‌ನ ಕೊಲೆ ಕೇಸಿನಲ್ಲಿ ಲೆಕ್ಸ್‌ನನ್ನು ಹುಡುಕುತ್ತ ತಿರುಗುತ್ತಾನೆ. ಲೆಕ್ಸ್ ಎಲ್ಲೂ ಇಲ್ಲ.

ಇದನ್ನು ನೋಡಿದ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ: 'ಸಾರ್, ಕೊಂದೋನು ಯಾರು ಅಂತ ಮೊದಲ್ನೇ ಕಂತಲ್ಲೇ ಗೊತ್ತಾಗೋಯ್ತು. ಇನ್ನೇನ್ ಸಾರ್ ಪತ್ತೆ ಮಾಡೋದು?' ಬಹಳ ಸರಿಯಾದ ಪ್ರಶ್ನೆ. ಪತ್ತೇದಾರಿ ಕಥೆಯ ಹಳೆಯ ಕರಾರು ಏನೆಂದರೆ, ಬಂಗಲೆಯಲ್ಲಿ ಒಂದು ಹೆಣ ಬೀಳಬೇಕು, ಅದರಿಂದ ಇಡೀ ಲೋಕದ ಲಯ ತಪ್ಪಬೇಕು, ಕೊಂದವನು ಸಿಕ್ಕಕೂಡಲೇ ಲಯ ಮತ್ತೆ ಕೂಡಬೇಕು. ಫ್ರೂಟ್‌ನಂಥವನು ಸತ್ತರೆ ಯಾವ ಲಯವೂ ತಪ್ಪುವುದಿಲ್ಲ. ಮಾರನೆಯ ದಿನ ಅದೇ ಮೂಲೆಯಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಹಾಗಾಗಿ ಈ ಕೃತಿಯಲ್ಲಿ ಪತ್ತೆಯಾಗಬೇಕಾದ್ದು ಕೊಂದವನ ಹೆಸರಲ್ಲ. ಈ ಸಾವನ್ನು ಯಾರು ಎಣಿಸುತ್ತಾರೆ, ಯಾವಾಗ ಎಣಿಸುತ್ತಾರೆ, ಎಣಿಸದೆ ಬಿಟ್ಟರೆ ಯಾರಿಗೆ ಲಾಭ ಎಂಬುದು.

ದಳದ ಕಚೇರಿಯಲ್ಲಿ ಒಂದು ಬಿಳಿ ಫಲಕ ಇದೆ. ಪತ್ತೆಯಾಗದ ಕೊಲೆಯ ಹೆಸರು ಕೆಂಪು ಶಾಯಿಯಲ್ಲಿ, ಪತ್ತೆಯಾದದ್ದು ಕಪ್ಪು ಶಾಯಿಯಲ್ಲಿ. ಇದು ಕಲ್ಪನೆಯಲ್ಲ. ಸೈಮನ್ 1988ರಲ್ಲಿ ಒಂದು ವರ್ಷ ಈ ದಳದವರ ಜೊತೆಗೇ ಇದ್ದು 1991ರಲ್ಲಿ 'ಹೋಮಿಸೈಡ್' ಎಂಬ ಪುಸ್ತಕ ತಂದರು. ಫಲಕ ಅಲ್ಲಿಂದ ಬಂದದ್ದು. ಫಲಕದ ವಿಶೇಷ ನೋಡಿ: ಅದರ ಮೇಲೆ ಸತ್ತವನ ಹೆಸರಿದೆ, ಆದರೆ ಬಣ್ಣ ಪೊಲೀಸರದು. ಸತ್ತವನಿಗೆ ನ್ಯಾಯ ಸಿಕ್ಕಿತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಅಧಿಕಾರಿಯ ಸಾಲ ತೀರಿತೋ ಇಲ್ಲವೋ ಎಂಬುದನ್ನು ಹೇಳುತ್ತದೆ. ನಮ್ಮಲ್ಲಿ ಬಿ ರಿಪೋರ್ಟ್, ಸಿ ರಿಪೋರ್ಟ್ ಎಂಬ ಮಾತುಗಳನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪು ಶಾಯಿಗೆ ಆ ಊರಿನಲ್ಲಿ ಇನ್ನೂ ಹಳೆಯ ಚರಿತ್ರೆ ಇದೆ. 1910ರಲ್ಲಿ ಬಾಲ್ಟಿಮೋರ್ ನಗರಸಭೆ ಒಂದು ಕಾನೂನು ಮಾಡಿತು: ಬಿಳಿಯರು ಹೆಚ್ಚಿರುವ ಬೀದಿಗೆ ಕಪ್ಪು ಜನ ವಾಸಕ್ಕೆ ಬರುವಂತಿಲ್ಲ, ಕಪ್ಪು ಜನ ಹೆಚ್ಚಿರುವ ಬೀದಿಗೆ ಬಿಳಿಯರು ಹೋಗುವಂತಿಲ್ಲ. ಎರಡೂ ಕಡೆಗೆ ಒಂದೇ ನಿಯಮ ಅನ್ನುವ ಸೋಗು ಬೇರೆ! ಕೇರಿಯನ್ನು ಕಾಗದದ ಮೇಲೆ ಕಟ್ಟಿದ್ದು ಹೀಗೆ. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನು ತಳ್ಳಿಹಾಕಿತು. ಕಾನೂನು ಹೋಯಿತು, ಗೆರೆ ಹೋಗಲಿಲ್ಲ. 1930ರ ದಶಕದಲ್ಲಿ ಗೃಹಸಾಲದ ಸರ್ಕಾರಿ ಸಂಸ್ಥೆ ತಯಾರಿಸಿದ ನಕ್ಷೆಗಳಲ್ಲಿ ಕಪ್ಪು ಜನರ ಬೀದಿಗಳಿಗೆ ಕೆಂಪು ಬಣ್ಣ ಬಳಿಯಲಾಯಿತು. ಕೆಂಪು ಎಂದರೆ ಸಾಲ ಕೊಡಬೇಡಿ ಎಂದು ಅರ್ಥ. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಬಿಳಿಯರು ಉಪನಗರಗಳಿಗೆ ಹೋದರು. 1950ರಲ್ಲಿ ಒಂಬತ್ತೂವರೆ ಲಕ್ಷದಷ್ಟು ಜನರಿದ್ದ ಊರಿನಲ್ಲಿ 2000ದ ಹೊತ್ತಿಗೆ ಆರೂವರೆ ಲಕ್ಷ ಉಳಿದರು. ಸಾವಿರಾರು ಸಾಲುಮನೆಗಳು ಪಾಳುಬಿದ್ದು, ನಗರಪಾಲಿಕೆ ಅವುಗಳ ಬಾಗಿಲು ಕಿಟಕಿಗೆ ಹಲಗೆ ಬಡಿಯಿತು. ಕ್ರಿಸ್ ಮತ್ತು ಸ್ನೂಪ್ ಹೆಣ ಬಚ್ಚಿಡುವುದು ಈ ಮನೆಗಳಲ್ಲೇ. ಗೋರಿ ಕಟ್ಟಿದ್ದು ನಗರ, ಇವರು ಹೆಣ ತಂದರು ಅಷ್ಟೆ. ಈ ಚರಿತ್ರೆಯನ್ನು ಧಾರಾವಾಹಿ ಬಾಯಿಬಿಟ್ಟು ಹೇಳುವುದಿಲ್ಲ. ಮನೆಗಳನ್ನು ತೋರಿಸಿ ಸುಮ್ಮನಾಗುತ್ತದೆ. ಹೇಳಬೇಕಿತ್ತು ಎಂದು ನನ್ನ ಅಭಿಪ್ರಾಯ.

ಬಂಕ್‌ನ ಜೊತೆಗಾರ ಲೆಸ್ಟರ್ ಫ್ರೀಮನ್‌ಗೆ ಒಂದು ದಿನ ಹೊಳೆಯುತ್ತದೆ: ಒಂದು ಹಲಗೆಗೆ ಹೊಡೆದ ಮೊಳೆ ಉಳಿದ ಹಲಗೆಗಳ ಹಾಗಿಲ್ಲ. ಲೆಕ್ಸ್ ಒಳಗಿದ್ದಾನೆ. ಅವನೊಬ್ಬನೇ ಇರಲಾರ, ಇಂಥ ಮನೆಗಳು ಇನ್ನೂ ಇವೆ. ಪತ್ತೇದಾರಿ ಕಥೆಯಲ್ಲಿ ಇದು ಗೆಲುವಿನ ಗಳಿಗೆಯಾಗಬೇಕು. ಇಲ್ಲಿ ಮೇಲಧಿಕಾರಿ ಲ್ಯಾಂಡ್ಸ್‌ಮನ್ ಹೌಹಾರುತ್ತಾನೆ. ವರ್ಷ ಮುಗಿಯಲು ಕೆಲವು ವಾರಗಳಿವೆ, ಪತ್ತೆಯಾದ ಕೊಲೆಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿದೆ. ಈಗ ಹೆಣ ತೆಗೆದರೆ ಫಲಕ ಪೂರ್ತಿ ಕೆಂಪಾಗುತ್ತದೆ. ಹಲಗೆ ಮುಟ್ಟಬೇಡ ಅನ್ನುತ್ತಾನೆ. ಅವನೇನು ರಾಕ್ಷಸನಲ್ಲ, ತಮಾಷೆಯ ಮನುಷ್ಯ, ಎದುರು ಕೂತರೆ ನಗಿಸುತ್ತಾನೆ. ನಮ್ಮ ಕಥೆ ಸಿನಿಮಾಗಳಲ್ಲಿ ಅನ್ಯಾಯ ಮಾಡುವವನಿಗೆ ದಪ್ಪ ಮೀಸೆ ಇಟ್ಟು, ಅವನನ್ನು ಹೊಡೆದು ಸಮಾಧಾನ ಪಡುತ್ತೇವೆ. ಸಂಬಳ ಎಣಿಸುವ ಒಬ್ಬ ಸಾಧಾರಣ ಗುಮಾಸ್ತೆಯಿಂದ ಅನ್ಯಾಯ ಹೇಗೆ ಸಲೀಸಾಗಿ ನಡೆದುಹೋಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಹಲಗೆ ಕಡೆಗೂ ಕೀಳಲಾಗುತ್ತದೆ. ಯಾಕೆ ಗೊತ್ತೆ? ಹೊಸದಾಗಿ ಮೇಯರ್ ಆಗಿ ಗೆದ್ದ ಕಾರ್ಸೆಟ್ಟಿಯ ಕಡೆಯವರು ಲೆಕ್ಕ ಹಾಕುತ್ತಾರೆ: ಹೆಣಗಳು ಈಗಲೇ ಸಿಕ್ಕರೆ ಅವು ಹಳೆಯ ಮೇಯರ್ ರಾಯ್ಸ್‌ನ ಲೆಕ್ಕಕ್ಕೆ ಹೋಗುತ್ತವೆ. 22 ಹೆಣಗಳು ಹೊರಬರುವುದು ಈ ಲೆಕ್ಕದಿಂದ. ಸರಿಯಾದ ಕೆಲಸವೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಯಿತು. ಆದರೆ ಸತ್ತವರು ಬದುಕಿದ್ದಾಗ ಯಾವ ಪಟ್ಟಿಯಲ್ಲೂ ಇರಲಿಲ್ಲ, ಸತ್ತ ಮೇಲೆ ಒಬ್ಬ ರಾಜಕಾರಣಿಯ ಖರ್ಚಿನ ಬಾಬ್ತಾದರು.

ಕಾರ್ಸೆಟ್ಟಿ ಗೆದ್ದದ್ದೂ ಒಂದು ಹೆಣದ ಮೇಲೆಯೇ. ಕಪ್ಪು ಜನ ಬಹುಸಂಖ್ಯಾತರಾಗಿರುವ ಊರಿನಲ್ಲಿ ಬಿಳಿಯನೊಬ್ಬ ಕಪ್ಪು ಮೇಯರ್‌ನ ವಿರುದ್ಧ ನಿಲ್ಲುತ್ತಾನೆ. (1999ರಲ್ಲಿ ಮಾರ್ಟಿನ್ ಒಮ್ಯಾಲಿ ಅಲ್ಲಿ ನಿಜವಾಗಿಯೇ ಕಪ್ಪು ಅಭ್ಯರ್ಥಿಗಳನ್ನು ಸೋಲಿಸಿ ಮೇಯರ್ ಆದರು, ಅಪರಾಧ ಇಳಿಸುತ್ತೇನೆಂಬ ಮಾತಿನ ಮೇಲೆ.) ಬ್ರ್ಯಾಡಕ್ ಎಂಬ ಸಾಕ್ಷಿಯೊಬ್ಬ ಗುಂಡೇಟಿಗೆ ಸತ್ತಿರುತ್ತಾನೆ. ಸಾಕ್ಷಿಗಳಿಗೆ ರಕ್ಷಣೆ ಇಲ್ಲ ಎಂದು ಕಾರ್ಸೆಟ್ಟಿ ಚರ್ಚಾಕೂಟದಲ್ಲಿ ಗುಡುಗುತ್ತಾನೆ. ರಾಯ್ಸ್‌ನ ಕಡೆಯವರು ಕೇಸನ್ನು ಅನುಭವಸ್ಥನಿಂದ ಕಿತ್ತು, ದಳಕ್ಕೆ ಹೊಸದಾಗಿ ಬಂದ ಕೀಮಾಗೆ ಕೊಡುತ್ತಾರೆ, ಮತದಾನ ಮುಗಿಯುವವರೆಗೆ ತನಿಖೆ ಕುಂಟಲಿ ಎಂದು. ಕೀಮಾ ಹಟ ಹಿಡಿದು ಕಂಡುಹಿಡಿಯುತ್ತಾಳೆ: ಯಾರೋ ಬಾಟಲಿಗೆ ಗುರಿಯಿಟ್ಟು ಹೊಡೆದ ಗುಂಡು ಹಾದಿ ತಪ್ಪಿ ಅವನಿಗೆ ತಗುಲಿತ್ತು. ಅಷ್ಟು ಹೊತ್ತಿಗೆ ಮತ ಎಣಿಸಿ ಆಗಿತ್ತು, ಸತ್ಯ ಯಾರಿಗೂ ಬೇಡವಾಗಿತ್ತು.

ಸಾಕ್ಷಿಯ ಮಾತಿನಲ್ಲೇ ಈ ಕೃತಿ ನಮಗೆ ತೀರಾ ಹತ್ತಿರ ಬರುವುದು. ಕೊಲೆ ಕೆಂಪಿನಿಂದ ಕಪ್ಪಿಗೆ ಬರಬೇಕಾದರೆ ಬೀದಿಯವನೊಬ್ಬ ಬಾಯಿ ಬಿಡಬೇಕು. ಬಾಯಿ ಬಿಟ್ಟವನು ರಾತ್ರಿ ಅದೇ ಬೀದಿಯಲ್ಲಿ ಮಲಗಬೇಕು. ಪೊಲೀಸ್ ಕಥೆಗಳೆಲ್ಲ 'ಇವರು ಬಾಯೇ ಬಿಡೋದಿಲ್ಲ' ಎಂದು ಗೊಣಗುತ್ತವೆ. ಆ ಗೊಣಗಾಟವನ್ನು ನಾವು ಬೇರೆ ಕಡೆಯಿಂದ ಕೇಳಿದ್ದೇವೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 'ತಿರುಗಿಬಿದ್ದರು' ಎಂಬ ಮಾತಿನಲ್ಲೇ ತಪ್ಪು ಸಾಕ್ಷಿಯ ತಲೆಗೆ ಕಟ್ಟಿ ಆಗಿರುತ್ತದೆ. ಅವರನ್ನು ತಿರುಗಿಸಿದ್ದು ಏನು ಎಂಬ ಕಾಲಂ ಕಾಗದದಲ್ಲಿ ಇಲ್ಲ.

ರ್‍ಯಾಂಡಿಯ ಕಥೆ ಆ ಕಾಲಂ ತುಂಬುತ್ತದೆ. ಶಾಲೆಯಲ್ಲಿ ಬೇರೆ ಯಾವುದೋ ತಪ್ಪಿಗೆ ಸಿಕ್ಕಿಬಿದ್ದ ಹುಡುಗ ಹೆದರಿ, ತನಗೊಂದು ಕೊಲೆಯ ವಿಷಯ ಗೊತ್ತು ಅಂದುಬಿಡುತ್ತಾನೆ. ಮಾತು ಮಾಸ್ತರರಿಂದ ಪೊಲೀಸರಿಗೆ, ಒಬ್ಬ ಪೊಲೀಸನಿಂದ ಇನ್ನೊಬ್ಬನಿಗೆ ಹೋಗುತ್ತದೆ. ಹರ್ಕ್ ಎಂಬ ಅವಿವೇಕಿ ವಿಚಾರಣೆ ಮಾಡುವಾಗ ಹುಡುಗನ ಗುಟ್ಟು ಜಾರಿಸುತ್ತಾನೆ. ಹುಡುಗ ಮಾಹಿತಿದಾರ ಎಂದು ಬೀದಿಗೆ ಗೊತ್ತಾಗುತ್ತದೆ. ಅವನಿದ್ದ ಮನೆಗೆ ಬೆಂಕಿ ಬೀಳುತ್ತದೆ, ಸಾಕುತಾಯಿ ಸುಟ್ಟು ಆಸ್ಪತ್ರೆ ಸೇರುತ್ತಾಳೆ. ಇಲ್ಲಿ ಯಾರೂ ಬೇಕೆಂದು ಕೇಡು ಬಗೆದಿಲ್ಲ, ಒಳ್ಳೆಯ ಮಾಸ್ತರರೂ ಇದ್ದಾರೆ. ಕಾರ್ವರ್ ಎಂಬ ಪೊಲೀಸ್ ಅಧಿಕಾರಿ ಹುಡುಗನನ್ನು ತಾನೇ ಸಾಕುತ್ತೇನೆ ಎಂದು ಕಚೇರಿ ಅಲೆಯುತ್ತಾನೆ, ಆಗುವುದಿಲ್ಲ. ಹುಡುಗ ಸರ್ಕಾರಿ ಬಾಲಕರ ವಸತಿಗೆ ಹೋಗುತ್ತಾನೆ. ಫ್ರೂಟ್‌ನ ಕೊಲೆಯಿಂದ ಹೊರಟ ತನಿಖೆಯ ಖರ್ಚನ್ನೆಲ್ಲ ಭರಿಸಿದವನು ಅವನೊಬ್ಬನೇ.

ಈಗ ಬಾಕಿ ಇಟ್ಟ ಮಾತು. ಇಷ್ಟೆಲ್ಲ ತೋರಿಸಿಯೂ ಕೃತಿಯ ಕಣ್ಣು ಠಾಣೆಯದು. ಕ್ಯಾಮೆರಾ ಬಂಕ್‌ನ ಜೊತೆ ಮೆಟ್ಟಿಲು ಹತ್ತುತ್ತದೆ, ಲೆಸ್ಟರ್‌ನ ಜೊತೆ ಮೊಳೆ ನೋಡುತ್ತದೆ. ಅವರ ಜಾಣ್ಮೆ, ಬೇಸರ, ಕುಡಿತ ಎಲ್ಲ ನಮಗೆ ಆಪ್ತವಾಗುತ್ತವೆ. ಬಂಕ್, ಲೆಸ್ಟರ್, ಕೀಮಾ ಮೂವರೂ ಕಪ್ಪು ಜನರೇ, ಆದರೆ ಕಣ್ಣು ಇಲಾಖೆಯದೇ. ಫ್ರೂಟ್ ಯಾರ ಮಗ? ಕೃತಿಗೆ ಅದು ಬೇಕಾಗಿಲ್ಲ. ಆ 22 ಹೆಣಗಳ ಮನೆಗಳಲ್ಲಿ ಏನಾಯಿತು ಎಂದು ಕೇಳುವ ವ್ಯವಧಾನವೂ ಅದಕ್ಕಿಲ್ಲ. ಬೀದಿಯ ಮಾತನ್ನು ಎಷ್ಟು ಹಸಿಯಾಗಿ ತಂದಿದ್ದಾರೆಂದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ತಡವರಿಸುತ್ತಾರೆ. ಸ್ನೂಪ್ ಪಾತ್ರ ಮಾಡಿದ ಫೆಲಿಷಿಯಾ ಪಿಯರ್ಸನ್ ಅದೇ ಊರಿನ ಬೀದಿಯಲ್ಲಿ ಬೆಳೆದವರು, ಪಾತ್ರಕ್ಕೂ ಅವರ ಹೆಸರೇ. ದೇಹ ಬಂತು, ಬಾಯಿ ಬಂತು, ಲೇಖನಿ ಮಾತ್ರ ಬಹುಪಾಲು ಬಿಳಿಯರ ಕೈಯಲ್ಲೇ ಉಳಿಯಿತು. ಡೇವಿಡ್ ಮಿಲ್ಸ್ ಅವರಂಥ ಕಪ್ಪು ಲೇಖಕರು ಬೆರಳೆಣಿಕೆಯಷ್ಟು. ಕನ್ನಡದಲ್ಲೂ ಆಡುಮಾತು ತಂದ ಮಾತ್ರಕ್ಕೆ ಕೇರಿಯೇ ಬಂತು ಎಂದು ಚಪ್ಪಾಳೆ ಹೊಡೆದ ವಿಮರ್ಶೆಯನ್ನು ಓದಿದ್ದೇವೆ.

ಲೇಖನಿ ಯಾರದೆಂಬುದು ಬರೀ ತಕರಾರಿನ ಮಾತಲ್ಲ, ಅದರಿಂದ ಅರ್ಥವೇ ಬದಲಾಗುತ್ತದೆ. ರಾಜಕಾರಣ ಮತ್ತು ಅಂಕಿಅಂಶ ಅಡ್ಡ ಬರದಿದ್ದರೆ ಒಳ್ಳೆಯ ಪೊಲೀಸ್ ಒಳ್ಳೆಯ ಕೆಲಸ ಮಾಡುತ್ತಿದ್ದ ಎಂಬ ನಂಬಿಕೆ ಈ ಕೃತಿಯ ತಳದಲ್ಲಿದೆ. ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. 2015ರಲ್ಲಿ ಫ್ರೆಡ್ಡಿ ಗ್ರೇ ಎಂಬ 25ರ ಕಪ್ಪು ಯುವಕ ಅದೇ ಊರಿನ ಪೊಲೀಸರ ವಶದಲ್ಲಿದ್ದಾಗ ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಸತ್ತ. ಆರು ಪೊಲೀಸರ ಮೇಲೆ ಆರೋಪ ಹೊರಿಸಿದರು, 2016ರ ಹೊತ್ತಿಗೆ ಒಬ್ಬನಿಗೂ ಶಿಕ್ಷೆಯಾಗದೆ ಮುಗಿಯಿತು. 2017ರಲ್ಲಿ ಬಂದೂಕು ಪತ್ತೆಯ ವಿಶೇಷ ಪಡೆಯವರೇ ಜನರನ್ನು ದೋಚುತ್ತಿದ್ದರೆಂದು ಕೇಸು ಬಿತ್ತು. ಸೈಮನ್ ಅವರೇ 2022ರಲ್ಲಿ 'ವಿ ಓನ್ ದಿಸ್ ಸಿಟಿ' ಎಂಬ ಸರಣಿಯಲ್ಲಿ ಅದನ್ನು ಹೇಳಿದರು. ತಡವಾಗಿಯಾದರೂ ಹೇಳಿದರು ಎನ್ನೋಣ.

ಆದರೂ 'ದ ವೈರ್'ನಲ್ಲಿ ಠಾಣೆಯ ಕಣ್ಣು ತಾನಾಗಿ ಸೋಲುವ ಒಂದು ದೃಶ್ಯ ಇದೆ. ಐದನೆಯ ಸೀಸನ್ನಿನಲ್ಲಿ ಬಂಕ್ ಹಳೆಯ ಕಡತ ಹಿಡಿದು, ಲೆಕ್ಸ್‌ನ ವಿಷಯ ಕೇಳಲು ರ್‍ಯಾಂಡಿ ಇರುವ ವಸತಿಗೆ ಹೋಗುತ್ತಾನೆ. ಮಿಠಾಯಿ ಮಾರಿ ಅಂಗಡಿ ಇಡುವ ಕನಸು ಕಾಣುತ್ತಿದ್ದ ಆ ನಗುಮುಖದ ಹುಡುಗ ಈಗ ಮೈಕೈ ತುಂಬಿಕೊಂಡು ಬಿಗಿದು ನಿಂತಿದ್ದಾನೆ. ಬಂಕ್ ಒಳ್ಳೆಯವನು, ಅವನ ಕೇಸೂ ನ್ಯಾಯವಾದದ್ದೇ. ಹುಡುಗ ಏನೂ ಹೇಳುವುದಿಲ್ಲ. ಮೆಟ್ಟಿಲಲ್ಲಿ ಅಡ್ಡ ಬಂದ ಇನ್ನೊಬ್ಬ ಹುಡುಗನನ್ನು ಭುಜದಿಂದ ನೂಕಿ ಮೇಲೆ ಹೋಗುತ್ತಾನೆ. ಬಂಕ್ ಕೆಳಗೇ ನಿಂತಿರುತ್ತಾನೆ.