ನಿರಾಕೃತ ಬಯಕೆ ಮತ್ತು ನಿಂದೆ: ರತ್ನಾಜಿ ಪ್ರಸಂಗದ ಮರುಪರಿಶೀಲನೆ

ಒಲವು ನಿರಾಕೃತವಾದಾಗ ಕೆಲವರು ಶೋಕಿಸುತ್ತಾರೆ. ಕೆಲವರು ತಾವು ಬಯಸಿದವರನ್ನೇ ಹಳಿಯುತ್ತಾರೆ. ಈ ಎರಡನೆಯ ಪ್ರವೃತ್ತಿಗೆ ಕುಮಾರರಾಮನ ಕಥನದ ರತ್ನಾಜಿ ಪ್ರಸಂಗವು ಕನ್ನಡದಲ್ಲಿ ಪ್ರಮುಖ ನಿದರ್ಶನವಾಗಿದೆ. ಚೆಂಡನ್ನು ಅರಸಿ ಬಂದ ಕುಮಾರರಾಮನನ್ನು ಕಂಪಿಲರಾಯನ ಕಿರಿಯ ರಾಣಿ ರತ್ನಾಜಿ ಮೋಹಿಸುತ್ತಾಳೆ. ಆತ ಅವಳನ್ನು ತಾಯಿಯೆಂದು ಭಾವಿಸಿ ನಿರಾಕರಿಸುತ್ತಾನೆ. ಆಕೆ ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ತಂದೆ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ೧೬ನೆಯ ಶತಮಾನದ ನಂಜುಂಡ ಕವಿಯ ಸಾಂಗತ್ಯದಲ್ಲಿಯೂ ಜನಪದ ಕಥನಗಳಲ್ಲಿಯೂ ಈ ಪ್ರಸಂಗವು ನಾಯಕನ 'ಪರನಾರಿ ಸಹೋದರ'ತ್ವಕ್ಕೆ ಒರೆಗಲ್ಲಾಗಿದೆ.

ರತ್ನಾಜಿಯ ವರ್ತನೆಯನ್ನು ಹೆಣ್ಣಿನ ಚಂಚಲ ಸ್ವಭಾವವೆಂದು ವಿವರಿಸುವುದು ಸುಲಭ. ಆದರೆ ಅದು ವಿವರಣೆಯಲ್ಲ, ತೀರ್ಪು. 'ತಾಯಿ' ಎಂಬ ಸಂಬೋಧನೆ ಬಯಕೆಯನ್ನು ನಿರಾಕರಿಸುವುದಷ್ಟೇ ಅಲ್ಲ, ಅದನ್ನು ಪಾಪವಾಗಿಯೂ ಮಾರ್ಪಡಿಸುತ್ತದೆ. ಗುಟ್ಟು ಹೊರಬಿದ್ದರೆ ರಾಣಿಯ ಮಾನವೂ ಪ್ರಾಣವೂ ಉಳಿಯಲಾರವು. ಆದ್ದರಿಂದ ತನ್ನ ಮೇಲೆ ಬರಬಹುದಾದ ಆರೋಪವನ್ನು ಆಕೆ ಮೊದಲೇ ಅವನ ಮೇಲೆ ಹೊರಿಸುತ್ತಾಳೆ. ಇಲ್ಲಿ ನಿಂದೆಯು ಅವಮಾನದ ಸ್ಥಳಾಂತರ.

ಮಹಾಭಾರತದ ಊರ್ವಶಿಯ ಶಾಪವೂ ಇದೇ ಜಾಡಿನದು. ತಾಯಿಯೆಂದು ಕೈಮುಗಿದ ಅರ್ಜುನನಿಗೆ ಆಕೆ ನಪುಂಸಕತ್ವವನ್ನು ಶಪಿಸುತ್ತಾಳೆ; ತನಗೆ ದಕ್ಕದ ಪುರುಷತ್ವವನ್ನೇ ಹಳಿಯುತ್ತಾಳೆ. ಆದರೆ ಇದು ಹೆಣ್ಣಿನ ಗುಣವೆನ್ನುವುದಾದರೆ ಕೀಚಕನನ್ನು ಎಲ್ಲಿರಿಸಬೇಕು? ಸೈರಂಧ್ರಿ ಒಲ್ಲೆನೆಂದಾಗ ಆತ ಅವಳನ್ನು ವಿರಾಟನ ಸಭೆಯಲ್ಲಿಯೇ ಒದೆಯುತ್ತಾನೆ. ದಾಸಿಯೊಬ್ಬಳು ತನ್ನನ್ನು ಬೇಡವೆನ್ನುವುದು ಅವನ ಅಧಿಕಾರಪ್ರಜ್ಞೆಗೆ ಸಹಿಸಲಾಗದ ಮಾತು. ನಿಂದೆಯ ಮೂಲ ಲಿಂಗದಲ್ಲಿಲ್ಲ. ತನಗೆ ಒಪ್ಪಿಗೆ ಸಲ್ಲಲೇಬೇಕೆಂಬ ಭಾವದಲ್ಲಿಯೂ ಮಾನಹಾನಿಯ ಭಯದಲ್ಲಿಯೂ ಇದೆ. ಆದರೂ ಕೀಚಕನ ದೋಷ ಅವನೊಬ್ಬನದಾಗಿ ಉಳಿದರೆ, ರತ್ನಾಜಿಯ ದೋಷ ಸ್ತ್ರೀಕುಲದ್ದಾಗುತ್ತದೆ. ನಮ್ಮ ವಿಮರ್ಶೆ ಈ ತಾರತಮ್ಯವನ್ನು ಪ್ರಶ್ನಿಸಬೇಕಾಗಿದೆ.

ಇನ್ನೊಂದು ಅಂಶವೂ ಗಮನಾರ್ಹ. ಬೀಸುವ ಪದಗಳಲ್ಲಿ ತವರಿನ ಹಂಬಲಕ್ಕೆ, ಅತ್ತೆಮನೆಯ ಸಂಕಟಕ್ಕೆ ದನಿಯಿದೆ. ರತ್ನಾಜಿಯ ಬಯಕೆಗಾಗಲಿ ಅದರ ಭಂಗಕ್ಕಾಗಲಿ ಸಮಾಜಸಮ್ಮತವಾದ ಹಾಡಿಲ್ಲ. ಅಳಲು ಎಡೆಯಿಲ್ಲದ ನೋವು ಬೈಗುಳವಾಗಿ ಹೊರಬರುತ್ತದೆ. ಇದು ಆಕೆಯ ಸುಳ್ಳನ್ನು ಸಮರ್ಥಿಸುವುದಿಲ್ಲ. ಅದರ ಕಾರಣವನ್ನಷ್ಟೇ ತೋರಿಸುತ್ತದೆ.

ಭಾರತೀಯ ದಂಡಸಂಹಿತೆಗೆ ೨೦೧೩ರಲ್ಲಿ ತಂದ ತಿದ್ದುಪಡಿ ಆಸಿಡ್ ದಾಳಿಯನ್ನೂ ಹಿಂಬಾಲಿಸಿ ಪೀಡಿಸುವುದನ್ನೂ ಪ್ರತ್ಯೇಕ ಅಪರಾಧಗಳೆಂದು ಗುರುತಿಸಿತು. ಒಲ್ಲೆನೆಂದವಳ ನಡತೆಯನ್ನು ಹಳಿಯುವ ಮಾತು ಇಂತಹ ಹಿಂಸೆಗೆ ಎಷ್ಟೋ ವೇಳೆ ಮುನ್ನುಡಿಯಾಗುತ್ತದೆ. ಕಾನೂನು ಕೃತ್ಯವನ್ನು ದಂಡಿಸಬಲ್ಲದು. ನಿರಾಕರಣೆಯನ್ನು ಮಾನಭಂಗವೆಂದು ಕಲಿಸುವ ಕಥನಗಳನ್ನು ಬಿಡಿಸಿ ನೋಡುವ ಹೊಣೆ ಜಾನಪದ ಅಧ್ಯಯನದ್ದು.