ಮೊದಲ ಬೂಟ್

ಎರಡು ತಿಂಗಳಿಗೊಮ್ಮೆ ಕ್ಲೌಡ್‌ನಲ್ಲಿರುವ ಯಾವುದಾದರೊಂದು ಬ್ಯಾಕಪ್ ಆರಿಸಿ, ಆಫೀಸಿನ ನಮ್ಮದೇ ಸರ್ವರಿಗೆ ಇಳಿಸಿ, ಬೂಟ್ ಮಾಡಿ ನೋಡುವುದು ನನ್ನ ರೂಢಿ. ಈ ಸಲ ಲೆಕ್ಕಪತ್ರದ ವಿಂಡೋಸ್ ವಿಎಂ ಸರದಿ. ಅದು ಕ್ಲೌಡ್‌ನಲ್ಲೇ ಓಡುವ ಯಂತ್ರ, ಡಿಸ್ಕ್ 1 ಟಿಬಿ.

100 ಎಂಬಿಪಿಎಸ್ ಲೈನ್ ಇಡಿಯಾಗಿ ನಮಗೇ ಸಿಕ್ಕರೂ 1 ಟಿಬಿ ಇಳಿಯಲು ಸುಮಾರು 22 ಗಂಟೆ ಬೇಕು. 1 ಜಿಬಿಪಿಎಸ್ ಇದ್ದರೆ ಎರಡೂಕಾಲು ಗಂಟೆ. ಅಗ್ಗವೆಂದು ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ ಇಟ್ಟಿದ್ದರೆ, ಡೌನ್‌ಲೋಡ್ ಶುರುವಾಗುವ ಮೊದಲೇ 12 ಗಂಟೆಯವರೆಗೆ ಕಾಯಬೇಕಾದೀತು. ಒಳಗೆ ಹಾಕುವುದಕ್ಕೆ ಟ್ರಾಫಿಕ್ ಶುಲ್ಕವಿಲ್ಲ, ಹೊರಗೆ ತೆಗೆಯುವಾಗ ಜಿಬಿ ಲೆಕ್ಕದಲ್ಲಿ ಬಿಲ್. ಇದು ಬರಿಯ ಗಣಿತ, ಆದರೂ ಬ್ಯಾಕಪ್ ಕೊಳ್ಳುವ ದಿನ ಈ ಗಣಿತ ಮಾಡಿದವರನ್ನು ನಾನು ಕಂಡದ್ದು ಕಡಿಮೆ.

ನನಗೆ ನಿಜವಾಗಿ ಇಷ್ಟವಾಗುವ ಘಳಿಗೆ ಮೊದಲ ಬೂಟ್. ಶುಕ್ರವಾರ ಬೆಳಿಗ್ಗೆ 8ಕ್ಕೆ ಹಚ್ಚಿದ ಡೌನ್‌ಲೋಡ್ ಶನಿವಾರ 11ಕ್ಕೆ ಮುಗಿಯಿತು. ಇಮೇಜನ್ನು ಕ್ಯೂಕೌ2 ರೂಪಕ್ಕೆ ಬದಲಿಸಿ, ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊಸ ವಿಎಂ ಮಾಡಿ ಜೋಡಿಸಿದೆ. ಆನ್ ಮಾಡಿದರೆ ನೀಲಿ ಪರದೆ, ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’. ಡೇಟಾ ಎಲ್ಲಿಗೂ ಹೋಗಿರಲಿಲ್ಲ. ಕ್ಲೌಡ್‌ನಲ್ಲಿ ಈ ವಿಂಡೋಸ್‌ಗೆ ಡಿಸ್ಕ್ ಕಾಣುತ್ತಿದ್ದದ್ದು ಎನ್‌ವಿಎಂಇ ರೂಪದಲ್ಲಿ, ಇಲ್ಲಿ ನಾನು ಕೊಟ್ಟದ್ದು ವರ್ಟ್‌ಐಒ ಸ್ಕಸಿ. ಆ ಡ್ರೈವರ್ ಅದರಲ್ಲಿ ಇರಲೇ ಇಲ್ಲ. ತಾನು ಕೂತಿರುವ ಡಿಸ್ಕನ್ನೇ ಅದು ಓದಲಾರದೆ ನಿಂತಿತ್ತು.

ಇದರ ಮದ್ದು ಸೊಗಸಾದದ್ದು. ಮೂಲ ಡಿಸ್ಕನ್ನು ಮೊದಲು ಸಾಟಾ ಅಥವಾ ಐಡಿಇ ಆಗಿ ಜೋಡಿಸಿ. ಪಕ್ಕದಲ್ಲಿ 1 ಜಿಬಿಯ ಖಾಲಿ ಡಿಸ್ಕೊಂದನ್ನು ವರ್ಟ್‌ಐಒ ಆಗಿ ಕೊಡಿ. ವಿಂಡೋಸ್ ಎದ್ದ ಮೇಲೆ ಡ್ರೈವರ್ ಹಾಕಿದರೆ ಖಾಲಿ ಡಿಸ್ಕಿನ ನೆಪದಲ್ಲಿ ಅದು ಹೊಸ ಕಂಟ್ರೋಲರಿನ ಪರಿಚಯ ಮಾಡಿಕೊಳ್ಳುತ್ತದೆ. ಶಟ್‌ಡೌನ್ ಮಾಡಿ, ಮೂಲ ಡಿಸ್ಕನ್ನೂ ವರ್ಟ್‌ಐಒಗೆ ಬದಲಿಸಿ, ಖಾಲಿಯದನ್ನು ತೆಗೆದುಬಿಡಿ. ಲಿನಕ್ಸ್‌ನಲ್ಲಿ ಇದೇ ತೊಡಕು ಬೂಟ್‌ನ ಮೊದಲ ಹಂತದ ಡ್ರೈವರ್‌ಗಳಿರುವ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ಅಡಗಿರುತ್ತದೆ. ಯುಇಎಫ್‌ಐನಲ್ಲಿ ಹುಟ್ಟಿದ ಯಂತ್ರಕ್ಕೆ ಹಳೆಯ ಬಯೋಸ್ ಕೊಟ್ಟರೂ ಏಳುವುದಿಲ್ಲ.

ಬೂಟ್ ಮಾಡುವ ಮುಂಚೆ ನೆಟ್‌ವರ್ಕ್ ಕಡಿದಿಡುವುದನ್ನು ಮಾತ್ರ ಮರೆಯಬೇಡಿ. ನಮ್ಮ ಕಡೆ ಜೋಳ ತುಂಬಿಡುವ ನೆಲದಡಿಯ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ; ಕೆಟ್ಟ ಗಾಳಿ ಹೋಗಲಿ ಎಂದು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಇಲ್ಲೂ ಅದೇ ಎಚ್ಚರ ಬೇಕು: ರಿಸ್ಟೋರ್ ಆದ ವಿಎಂ ತಾನು ಪ್ರತಿಯೆಂದು ಅರಿಯದು. ಎದ್ದ ಕೂಡಲೇ ನಿಗದಿತ ಕೆಲಸಗಳನ್ನು ಶುರುಮಾಡುತ್ತದೆ, ಕಳಿಸಿದ ಬಿಲ್ಲನ್ನೇ ಮತ್ತೆ ಗ್ರಾಹಕರಿಗೆ ಮೇಲ್ ಮಾಡುತ್ತದೆ. ಹೊರದಾರಿಯಿಲ್ಲದ ನೆಟ್‌ವರ್ಕ್ ಬ್ರಿಡ್ಜ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ.

ಇಷ್ಟು ಶ್ರಮ ಯಾಕೆ ಎನ್ನುವವರಿಗೆ ನಾನು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಕಥೆ ಹೇಳುತ್ತೇನೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರ ಕೈಯಲ್ಲಿ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಕ್ಲೌಡ್‌ನ ಬ್ಯಾಕಪ್ ನೋಡಿದರೆ ಖಾಲಿ. ಬ್ಯಾಕಪ್ ತೆಗೆಯುವ ಸಾಧನ ಪೋಸ್ಟ್‌ಗ್ರೆಸ್‌ನ 9.2 ಆವೃತ್ತಿಯದು, ಡೇಟಾಬೇಸ್ 9.6, ಪ್ರತಿ ಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕಡೆಗೆ ಕೈ ಹಿಡಿದದ್ದು ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆ ತೆಗೆದಿದ್ದ ಸ್ನ್ಯಾಪ್‌ಶಾಟ್. ನಿಧಾನದ ಡಿಸ್ಕುಗಳಿಂದ ಅದನ್ನು ನಕಲಿಸಲು ಸುಮಾರು 18 ಗಂಟೆ ಹಿಡಿಯಿತು. ಇಷ್ಟನ್ನೂ ಅವರು ಮುಚ್ಚಿಡದೆ ಬರೆದು ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ನಾನು ಋಣಿ.

ಶನಿವಾರ ಮಧ್ಯಾಹ್ನ 2ರ ಹೊತ್ತಿಗೆ ನಮ್ಮ ಲಾಗಿನ್ ಪರದೆ ಬಂತು. ಲೆಕ್ಕ ತೆರೆದೆ, ಗುರುವಾರ ಸಂಜೆಯ ಕಡೆಯ ಬಿಲ್ ಪೈಸೆ ಸಮೇತ ಅಲ್ಲೇ ಇತ್ತು. ಪುಸ್ತಕದಲ್ಲಿ ಬರೆದುಕೊಂಡೆ: ಒಟ್ಟು 30 ಗಂಟೆ. ನಾಲ್ಕು ಗಂಟೆಯಲ್ಲಿ ಎಲ್ಲ ಮೊದಲಿನಂತಾಗುತ್ತದೆ ಎಂದು ಮಾಲೀಕರು ನಂಬಿಕೊಂಡಿದ್ದಾರೆ. ಸೋಮವಾರ ಆ ಪುಟವನ್ನೇ ಅವರ ಮುಂದೆ ಇಡುತ್ತೇನೆ.