ಕುರುಕ್ಷೇತ್ರ ಆಡಿದವರ ಮುಂದೆ ಟಿ.ವಿ. ಮಹಾಭಾರತ

ಟಿ.ವಿ.ಯ ಯುದ್ಧದ ಕಥೆಗೆ ತುಮಕೂರು ಸೀಮೆಯವರಷ್ಟು ಕಟ್ಟುನಿಟ್ಟಿನ ಪ್ರೇಕ್ಷಕರು ಬೇರೆಲ್ಲಾದರೂ ಇದ್ದಾರೆಯೇ ಎಂಬ ಅನುಮಾನ ನನಗಿದೆ. ಗೂಳೂರು, ಹೆಬ್ಬೂರು, ಗುಬ್ಬಿ, ಕುಣಿಗಲ್ ಸುತ್ತಿನ ಯಾವ ಊರಿಗಾದರೂ ಹೋಗಿ. ಕೈಯಿಂದ ದುಡ್ಡು ಕಟ್ಟಿ ಭೀಮನ ಪಾರ್ಟು ಮಾಡಿದವರು, ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕೃಷ್ಣನ ಕಂದಗಳನ್ನು ಬಾಯಿಪಾಠ ಮಾಡಿದವರು ಅಲ್ಲಿ ಇದ್ದೇ ಇರುತ್ತಾರೆ. ‘ಕುರುಕ್ಷೇತ್ರ’ ನಾಟಕ ಈ ಕಡೆ ಒಂದು ವ್ರತದ ಹಾಗೆ. ಆಸೆಪಡುವವರು ಹೆಚ್ಚು, ಪಾತ್ರ ಕಡಿಮೆ. ಹಾಗಾಗಿ ಒಬ್ಬ ಕೃಷ್ಣನನ್ನೇ ಮೂವರು ಹಂಚಿಕೊಳ್ಳುತ್ತಾರೆ. ಶಯನದ ಸೀನಿಗೆ ಒಬ್ಬ, ಸಂಧಾನಕ್ಕೆ ಇನ್ನೊಬ್ಬ, ಯುದ್ಧಕ್ಕೆ ಮತ್ತೊಬ್ಬ. ರಾತ್ರಿ ಶುರುವಾದ ಆಟ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಹೆಂಗಸರು, ಮಕ್ಕಳು, ಮುದುಕರು ಕದಲದೆ ಕೂತು ನೋಡುತ್ತಾರೆ. ಯಾವ ಮಾತು ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದು ವೇಷ ಹಾಕಿದವನಿಗಿಂತ ಚೆನ್ನಾಗಿ ಕೂತು ನೋಡುವವನಿಗೆ ಗೊತ್ತಿರುತ್ತದೆ.

ಇಂಥವರ ಮನೆಗಳಿಗೆ 2020ರ ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿಯ ಮೂಲಕ ‘ಮಹಾಭಾರತ’ ಕನ್ನಡದಲ್ಲಿ ಬಂತು. ಲಾಕ್‌ಡೌನಿನ ಕಾಲ. ಧಾರಾವಾಹಿಗಳ ಚಿತ್ರೀಕರಣ ನಿಂತು, ತೋರಿಸಲು ಹೊಸ ಕಂತುಗಳಿಲ್ಲದೆ ವಾಹಿನಿಗಳು ಕೈಚೆಲ್ಲಿದ್ದವು. ಬಂದದ್ದೇನೂ ಹೊಸ ಸರಕಲ್ಲ. ಸಿದ್ಧಾರ್ಥ್ ಕುಮಾರ್ ತಿವಾರಿ ಅವರ ಸ್ವಸ್ತಿಕ್ ಸಂಸ್ಥೆ ಸ್ಟಾರ್ ಪ್ಲಸ್‌ಗಾಗಿ ತಯಾರಿಸಿದ ಈ ಹಿಂದಿ ಧಾರಾವಾಹಿ 2013ರ ಸೆಪ್ಟೆಂಬರ್ 16ರಂದು ಆರಂಭವಾಗಿ, 267 ಕಂತು ಓಡಿ, 2014ರ ಆಗಸ್ಟ್‌ನಲ್ಲಿ ಮುಗಿದಿತ್ತು. ಖರ್ಚು ಸುಮಾರು 100 ಕೋಟಿ ರೂಪಾಯಿ ಎಂದು ಆಗ ಪತ್ರಿಕೆಗಳು ಬರೆದಿದ್ದವು. ಗುಜರಾತಿನ ಉಮರ್‌ಗಾಂವ್‌ನಲ್ಲಿ ಭಾರಿ ಸೆಟ್ಟು. ‘ಗಾಂಧಿ’ ಚಿತ್ರಕ್ಕೆ ಆಸ್ಕರ್ ಪಡೆದ ಭಾನು ಅಥೈಯಾ ಅವರ ವಸ್ತ್ರವಿನ್ಯಾಸ. ತಮಿಳರು, ಮಲಯಾಳಿಗಳು ಅದನ್ನು ತಂತಮ್ಮ ಮಾತಿನಲ್ಲಿ ಆಗಲೇ ನೋಡಿ ಮುಗಿಸಿದ್ದರು. ಕನ್ನಡಿಗರಿಗೆ ಸಿಕ್ಕಿದ್ದು ಏಳು ವರ್ಷ ತಡವಾಗಿ. ಅರವತ್ತರ ದಶಕದಿಂದ ನಡೆದುಬಂದ, ಎಲ್ಲೂ ಬರೆದಿಡದ ಡಬ್ಬಿಂಗ್ ನಿಷೇಧ ಅದಕ್ಕೆ ಕಾರಣ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿಷೇಧ ಕಾನೂನಿಗೆ ವಿರುದ್ಧ ಎಂದು ಹೇಳಿದ ಮೇಲೂ ವಾಹಿನಿಗಳು ಹಿಂದೆಮುಂದೆ ನೋಡುತ್ತಿದ್ದವು. ಆ ಅಂಜಿಕೆಯನ್ನು ಬಿಡಿಸಿದ್ದು ಲಾಕ್‌ಡೌನು.

ಜನ ನೋಡಿದರು. ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದವರು ಕೈಕಾಲು ತೊಳೆದುಕೊಂಡು ಟಿ.ವಿ. ಮುಂದೆ ಕೂತರು. ಸೌರಭ್ ರಾಜ್ ಜೈನ್ ಅವರ ಕೃಷ್ಣ ಮನೆಮನೆಯ ಕೃಷ್ಣನಾದ. ಕಥೆಯ ನಡುವೆ ಅವನು ಪ್ರೇಕ್ಷಕರ ಕಡೆ ತಿರುಗಿ ಹೇಳುವ ನಾಲ್ಕು ಮಾತುಗಳನ್ನು ಹುಡುಗರು ತುಂಡು ಮಾಡಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡರು. ಪ್ರಣೀತ್ ಭಟ್ ಅವರ ಶಕುನಿ ಒಂದು ಕಣ್ಣು ಅರೆ ಮುಚ್ಚಿ, ಕಾಲೆಳೆಯುತ್ತ ಬಂದರೆ ಅಡುಗೆಮನೆಯಲ್ಲಿದ್ದವರೂ ಹೊರಗೆ ಬರುತ್ತಿದ್ದರು. ದ್ರೌಪದಿಯ ವಸ್ತ್ರಾಪಹರಣದ ಕಂತುಗಳನ್ನು ಕಣ್ಣೊರೆಸಿಕೊಂಡು ನೋಡಿದ ಹೆಂಗಸರನ್ನು ನಾನು ಬಲ್ಲೆ. ಪೂಜಾ ಶರ್ಮಾ ಅವರ ಅಭಿನಯಕ್ಕೆ ಆ ಮೆಚ್ಚುಗೆ ಸಲ್ಲಬೇಕಾದದ್ದೇ. ಆ ಸಭೆಯಲ್ಲಿ ದ್ರೌಪದಿ ಕೇಳುವ ಪ್ರಶ್ನೆಗಳಿಗೆ ಧಾರಾವಾಹಿ ಅವಸರವಿಲ್ಲದೆ ಜಾಗ ಕೊಟ್ಟಿತು. ನಮ್ಮ ಹಳ್ಳಿ ನಾಟಕ ಅವಳಿಗೆ ಅಷ್ಟು ಜಾಗ ಕೊಟ್ಟದ್ದು ಕಡಿಮೆ.

ತಕರಾರು ಎದ್ದದ್ದು ದುರ್ಯೋಧನನ ಬಗ್ಗೆ. ಗೂಳೂರು ಕಡೆಯ ಹಳೆಯ ಪಾತ್ರಧಾರಿಯೊಬ್ಬರು ನನಗೆ ಹೇಳಿದ್ದು: “ಏನ್ ಸಾರ್, ಬರೀ ಹಲ್ಲು ಕಡಿಯೋ ಹಂಗೆ ಮಾಡವ್ರೆ. ಅವ್ನು ಚಕ್ರವರ್ತಿ ಅಲ್ವಾ? ಸಭೇಲಿ ಕೂತ್ರೆ ಆ ಗತ್ತು ಬ್ಯಾಡ್ವಾ?” ಅರ್ಪಿತ್ ರಾಂಕಾ ಅವರ ದುರ್ಯೋಧನ ಆಳಿನಲ್ಲಿ ಕಡಿಮೆಯಲ್ಲ, ದನಿಯಲ್ಲಿ ಕಡಿಮೆಯಲ್ಲ. ಆದರೆ ಆ ಪಾತ್ರ ಬರೆದವರ ಮನಸ್ಸಿನಲ್ಲಿ ಅವನು ಖಳ ಮಾತ್ರ. ಕನ್ನಡದ ಮನಸ್ಸಿನಲ್ಲಿ ಅವನು ಹಾಗಿಲ್ಲ. ಹತ್ತನೆಯ ಶತಮಾನದಲ್ಲೇ ರನ್ನ ‘ಗದಾಯುದ್ಧ’ ಬರೆದಾಗ ಹೆಸರಿಗೆ ನಾಯಕ ಭೀಮನಾದರೂ, ಹೆಣಗಳ ನಡುವೆ ನಡೆದು ತಮ್ಮನನ್ನೂ ಗೆಳೆಯನನ್ನೂ ನೆನೆದು ಗೋಳಾಡುವ ದುರ್ಯೋಧನನೇ ಓದುಗರ ಎದೆಯಲ್ಲಿ ಉಳಿದ. ಅದಕ್ಕೂ ಮೊದಲು ಪಂಪ ಕರ್ಣನನ್ನು ಹಾಗೆ ಉಳಿಸಿದ್ದ. ಆ ಕಾವ್ಯಗಳನ್ನು ಓದದವರಿಗೂ ಅವು ನಾಟಕದ ದಾರಿಯಿಂದ ತಲುಪಿವೆ. ವೈಶಂಪಾಯನ ಸರೋವರದ ಸೀನಿನಲ್ಲಿ ಎಲ್ಲರನ್ನೂ ಕಳಕೊಂಡ ದೊರೆ ಒಬ್ಬನೇ ನಿಂತು ಹಾಡುವಾಗ, ರಾತ್ರಿಯಿಡೀ ಪಾಂಡವರಿಗೆ ಚಪ್ಪಾಳೆ ಹೊಡೆದವರೇ ‘ಒನ್ಸ್ ಮೋರ್’ ಕೂಗುತ್ತಾರೆ. 2019ರ ‘ಕುರುಕ್ಷೇತ್ರ’ ಸಿನಿಮಾದಲ್ಲಿ ದರ್ಶನ್ ಅವರಿಗೆ ಕೊಟ್ಟದ್ದು ದುರ್ಯೋಧನನ ಪಾತ್ರ, ಕಥೆ ಹೇಳಿದ್ದು ಅವನ ಕಡೆಯಿಂದ. ಕನ್ನಡ ಪ್ರೇಕ್ಷಕರಿಗೆ ಅದು ಒಂಚೂರೂ ವಿಚಿತ್ರವೆನಿಸಲಿಲ್ಲ. ಹಿಂದಿಯಿಂದ ಬಂದ ಕಥೆಗೆ ಕನ್ನಡದ ಮಾತು ತೊಡಿಸಬಹುದು; ಈ ದುರ್ಯೋಧನನನ್ನು ತರಲಾಗುವುದಿಲ್ಲ. ಡಬ್ಬಿಂಗ್ ವಿರುದ್ಧ ಇರುವ ವಾದಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದೊಂದೇ.

ಎರಡನೆಯ ತಕರಾರು ಸಂಧಾನದ್ದು. ನಾಟಕದಲ್ಲಿ ಕೃಷ್ಣ ಕೌರವ ಸಭೆಗೆ ಬರುವ ಸೀನೇ ಬೆನ್ನೆಲುಬು. ಮಾತಿಗೆ ಮಾತು, ಕಂದಕ್ಕೆ ಕಂದ. ಯುದ್ಧ ನಡೆಯುವುದೇ ಅಲ್ಲಿ. ಆಮೇಲಿನ ಬಾಣಬಿರುಸುಗಳು ಅದರ ಫಲ ಅಷ್ಟೆ. ಟಿ.ವಿ.ಯಲ್ಲಿ ಅದೇ ಸಭೆ ಬಂದಾಗ ಒಬ್ಬ ಒಂದು ಮಾತಾಡಿದ ಕೂಡಲೇ ಕ್ಯಾಮೆರಾ ಸುತ್ತಲಿನ ಹತ್ತು ಮುಖಗಳ ಮೇಲೆ ಓಡುತ್ತದೆ, ಡೊಳ್ಳು ಬಡಿಯುತ್ತದೆ, ಎದುರು ಮಾತು ಬರುವಷ್ಟರಲ್ಲಿ ಸೋಪಿನ ಜಾಹೀರಾತು. ವಾದ ಕಟ್ಟಿಕೊಳ್ಳುವುದೇ ಇಲ್ಲ. ಒಂದು ಕಂತಿನ ಅರ್ಧ ಗಂಟೆಯಲ್ಲಿ ಜಾಹೀರಾತು, ಹಿಂದಿನ ಕಂತಿನ ನೆನಪು, ನಾಳಿನ ತುಣುಕು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ನಿಮಿಷದ ಆಸುಪಾಸು. ನಸುಕಿನವರೆಗೆ ಕೂತು ನಾಟಕ ನೋಡುವ ಜನಕ್ಕೆ ಇದು ಊಟಕ್ಕೆ ಕೂರಿಸಿ ಎಲೆ ಎಳೆದುಕೊಂಡಂತೆ.

ಇನ್ನು ಯುದ್ಧದ ಕಂತುಗಳು. ಕಂಪ್ಯೂಟರಿನಲ್ಲಿ ಹುಟ್ಟಿದ ಸೇನೆ, ಆಕಾಶದಲ್ಲಿ ಒಂದನ್ನೊಂದು ನುಂಗುವ ಅಸ್ತ್ರಗಳು. ಮಕ್ಕಳಿಗೆ ಹಿಡಿಸಿತು, ದೊಡ್ಡವರಿಗೆ ಬೇಗ ಸಾಕಾಯಿತು. ಗುಬ್ಬಿ ಕಂಪನಿಯ ಹೆಸರು ಕೇಳಿ ಬೆಳೆದ ಊರುಗಳಿವು ಎಂಬುದನ್ನು ಮರೆಯಬಾರದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ನಾಡಿನುದ್ದಕ್ಕೂ ನಡೆಸಿದರು. ಅವರ ‘ಕುರುಕ್ಷೇತ್ರ’ದ ರಂಗಕ್ಕೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವು. ವೈಭವಕ್ಕೆ ದುಡ್ಡು ಸುರಿಯುವುದನ್ನು ನಮ್ಮವರು ಟಿ.ವಿ.ಯಿಂದ ಕಲಿಯಬೇಕಾಗಿರಲಿಲ್ಲ. ಆದರೆ ಅದೇ ಕಂಪನಿ ಆನೆಯನ್ನು ಎಷ್ಟು ನಂಬಿತೋ ನಟರ ಕಂಠವನ್ನು ಅದಕ್ಕಿಂತ ಹೆಚ್ಚು ನಂಬಿತ್ತು. ಮುಂದೆ ಡಾ. ರಾಜ್‌ಕುಮಾರ್ ಆದ ಮುತ್ತುರಾಜ್ ಮಾತು ಪಳಗಿಸಿಕೊಂಡ ಗರಡಿಗಳಲ್ಲಿ ಗುಬ್ಬಿ ಕಂಪನಿಯೂ ಒಂದು.

ಕಂಠದ, ಮಾತಿನ ಈ ವಿಷಯ ಬಂದಾಗ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ನೆನಪಾಗುತ್ತದೆ. 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬಂದ 94 ಕಂತುಗಳು. ಇಡೀ ಬೀದಿಗೆ ಒಂದೆರಡು ಟಿ.ವಿ.; ಕರೆಂಟು ಹೋದರೆ ಊರಿಗೆ ಊರೇ ಮರುಗುತ್ತಿತ್ತು. ಹಿಂದಿ ಬರುತ್ತಿರಲಿಲ್ಲ. ಆದರೂ ರಾಹಿ ಮಾಸೂಮ್ ರಝಾ ಬರೆದ ಮಾತಿನ ತೂಕ, ‘ಸಮಯ’ನಾಗಿ ಕಥೆ ಹೇಳುವ ಹರೀಶ್ ಭಿಮಾನಿ ಅವರ ದನಿ ಭಾಷೆಯ ಗೋಡೆ ದಾಟಿ ಬಂದವು. ಅರ್ಥವಾಗದ ಕಡೆ ಜನ ತಮ್ಮ ನಾಟಕದ ಮಾತುಗಳನ್ನೇ ತುಂಬಿಕೊಂಡರು. ಕಾಗದದ ಕಿರೀಟದಂತೆ ಕಾಣುವ ಆ ವೇಷಗಳು ಇವತ್ತಿನ ಕಣ್ಣಿಗೆ ಬಡವಾಗಿರಬಹುದು. ನನ್ನ ಲೆಕ್ಕದಲ್ಲಿ ಎರಡರಲ್ಲಿ ಮೇಲು ಹಳೆಯದೇ, ಮಾತಿನ ಕಾರಣಕ್ಕೆ.

ಅದೇ 1990ರಲ್ಲಿ ಇನ್ನೊಂದು ದೊಡ್ಡ ಯುದ್ಧ ಕಥೆ ಪ್ರಸಾರವಾಯಿತು. ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’. ಇದರ ಚಿತ್ರೀಕರಣದ ವೇಳೆ 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಹೊತ್ತಿ 62 ಮಂದಿ ಸತ್ತರು. ಸಂಜಯ್ ಖಾನ್ ಅವರೂ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸತ್ತವರನ್ನು ನೆನೆಯದೆ ಆ ಧಾರಾವಾಹಿಯ ಮಾತಾಡುವುದು ತಪ್ಪೆಂದು ನಾನು ತಿಳಿದಿದ್ದೇನೆ. ಪ್ರಸಾರಕ್ಕೆ ವಿರೋಧ ಎದ್ದು, ವಿಷಯ ನ್ಯಾಯಾಲಯ ಮುಟ್ಟಿ, ಇದು ಇತಿಹಾಸವಲ್ಲ, ಭಗವಾನ್ ಗಿದ್ವಾನಿ ಅವರ ಕಾದಂಬರಿಯನ್ನು ಆಧರಿಸಿದ ಕಲ್ಪನೆ ಎಂಬ ಪ್ರಕಟಣೆಯೊಂದಿಗೆ ತೋರಿಸಬೇಕಾಯಿತು. ಕುಣಿಗಲ್ಲಿನವರಿಗೆ ಆ ಕಥೆ ದೂರದ್ದಲ್ಲ. ಅಲ್ಲಿನ ಕುದುರೆ ಫಾರಂನ ಮೂಲ ಟಿಪ್ಪುವಿನ ಅಶ್ವದಳಕ್ಕೇ ಹೋಗಿ ನಿಲ್ಲುತ್ತದೆ. ನಮ್ಮ ನೆಲದ ಆ ಯುದ್ಧವನ್ನೂ ನಾವು ಹಿಂದಿಯಲ್ಲೇ ಕೇಳಿದೆವು.

ಡಬ್ಬಿಂಗ್ ಬಂದದ್ದು ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ. ಹಿಂದಿ ಬಾರದ ಅಜ್ಜಿಗೆ ಕುರುಸಭೆಯಲ್ಲಿ ಏನಾಯಿತೆಂಬುದು ಅವಳ ಮಾತಿನಲ್ಲೇ ಕೇಳಿಸಬೇಕು. ಅದನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ತೆರೆಯ ಮೇಲಿನ ತುಟಿಗೆ ತಕ್ಕಂತೆ ಮಾತನ್ನು ಹಿಗ್ಗಿಸಿ ಕುಗ್ಗಿಸಿ, ಹಳೆಗನ್ನಡದ ಗಾಂಭೀರ್ಯವನ್ನೂ ಬಿಡದೆ, ಕೇಳಿದ ತಕ್ಷಣ ತಿಳಿಯುವ ಹಾಗೆ ಬರೆಯುವುದು ಸಣ್ಣ ಕೆಲಸವಲ್ಲ. ಕೃಷ್ಣನ ಮಾತುಗಳು ಸ್ಟೇಟಸ್ಸುಗಳಲ್ಲಿ ಹರಿದಾಡಿದ್ದಕ್ಕೆ ಅರ್ಧ ಪಾಲು ಅವನಿಗೆ ಕನ್ನಡದ ದನಿ ಕೊಟ್ಟವರದು, ಆ ಸಾಲು ಬರೆದವರದು. ಆದರೆ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಹಳ್ಳಿ ನಾಟಕದ ಕರಪತ್ರದಲ್ಲಾದರೆ ದ್ವಾರಪಾಲಕನ ಪಾತ್ರ ಮಾಡಿದವನ ಹೆಸರೂ ಅಚ್ಚಾಗುತ್ತದೆ, ತಬಲಾ ಬಡಿದವರದೂ, ಸೀನರಿ ತಂದವರದೂ.

ವಾಹಿನಿಯವರಲ್ಲಿ ನನ್ನ ಕೋರಿಕೆ ಇಷ್ಟು. ಕನ್ನಡ ಮಾತು ಬರೆದವರ, ದನಿ ಕೊಟ್ಟವರ ಹೆಸರನ್ನು ಪ್ರತಿ ಕಂತಿನಲ್ಲೂ ಓದಲು ಸಾಕಾಗುವಷ್ಟು ಹೊತ್ತು ತೋರಿಸಿ. ಸಂಧಾನದಂಥ ಸಭೆ ಬಂದ ದಿನ ಅದು ಮುಗಿಯುವವರೆಗೆ ಜಾಹೀರಾತು ತಡೆಹಿಡಿಯಿರಿ. ಕನ್ನಡದಲ್ಲೇ ಯುದ್ಧದ ಕಥೆ ತೆಗೆಯುವ ಮನಸ್ಸಾದರೆ, ಸೆಟ್ಟಿಗೆ ಮೊಳೆ ಹೊಡೆಯುವ ಮೊದಲು ನಿಮ್ಮ ಬರಹಗಾರರನ್ನು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರಕ್ಕೋ ಈ ಸೀಮೆಯ ಯಾವುದಾದರೂ ಹಳ್ಳಿಗೋ ಕಳಿಸಿ ಒಂದು ಪೂರ್ತಿ ‘ಕುರುಕ್ಷೇತ್ರ’ ನೋಡಿಸಿ. ಬರುವವರು ಕೊನೆಯ ಸೀನಿನವರೆಗೆ ಕೂರಲಿ. ದುರ್ಯೋಧನನ ದೊಡ್ಡ ಹಾಡು ಬರುವುದೇ ಆಗ.